ಕಡಲಿನ ವಿಜ್ಞಾನ ಮತ್ತು ನಮ್ಮ ಊರಿನ ಮಕ್ಕಳು

(ಉರಿಗಾಂನಲ್ಲಿ ನಡೆದ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಆಡಳಿತ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)



 ಅಲ್ಲಾಹನ ಕೃಪೆಯಿಂದಲೂ ದಾನಿಗಳ ಔದಾರ್ಯದಿಂದಲೂ ನಮ್ಮ ಕೆಲಸ ಇನ್ನೊಂದು ವರ್ಷ ದಾಟಿದೆ. ಲೆಕ್ಕಪತ್ರಗಳು ವರದಿಯಲ್ಲಿ ಅಚ್ಚಾಗಿವೆ. ಅವನ್ನು ಮನೆಗೆ ಕೊಂಡೊಯ್ದು ನಿಧಾನವಾಗಿ ಓದಿ, ಸಂದೇಹವಿದ್ದರೆ ಕೇಳಿ. ಇಲ್ಲಿ ನಾವು ಮಾತನಾಡಬೇಕೆಂದಿರುವುದು ಒಂದು ಓದಿನ ಬಗ್ಗೆ.

ನಮ್ಮ ಬಳಿ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಡಿಪ್ಲೊಮಾ ಓದುವವರವು. ಬಹಳ ಸಂತೋಷ. ಆದರೆ ಕೆ.ಜಿ.ಎಫ್., ಬಂಗಾರಪೇಟೆ, ಕೋಲಾರದ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುವ ಮಕ್ಕಳೂ ಇದ್ದಾರೆ. ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ. ಮೂರನೆಯ ವರ್ಷ ಮುಗಿದ ಮರುದಿನದಿಂದಲೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹಿಡಿಯುತ್ತಾರೆ. ಸಿಕ್ಕಿದ ಕೆಲಸಕ್ಕೆ ಸೇರುತ್ತಾರೆ. ಕೆಮಿಸ್ಟ್ರಿ ಅಲ್ಲಿಗೆ ನಿಲ್ಲುತ್ತದೆ. ಆ ಓದು ಇನ್ನೂ ಎಲ್ಲೆಲ್ಲಿಗೆ ಹೋಗಬಹುದು ಎಂದು ಅವರಿಗೆ ಹೇಳಿದವರಿಲ್ಲ. ಅಂಥ ಒಂದು ದಾರಿಯನ್ನು ತೋರಿಸುವುದಕ್ಕಾಗಿ ಈ ವರ್ಷ ನಾವು ಆರಿಸಿಕೊಂಡ ವಿಷಯ: ಸಮುದ್ರದ ರಸಾಯನಶಾಸ್ತ್ರ, ಹಾಗೂ ಸಮುದ್ರದ ತಳದಲ್ಲಿ ಕೂತ ಹೂಳಿನ ಅಧ್ಯಯನ.

ಕೋಲಾರ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇವೆ.

ನಮ್ಮ ಕಾಲ ಕೆಳಗಿನ ಕಡಲು

ನಾವು ಕೂತಿರುವ ಈ ನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಭೂವಿಜ್ಞಾನಿಗಳು ಕೋಲಾರ ಶಿಸ್ಟ್ ಪಟ್ಟಿ ಎಂದು ಕರೆಯುವ, ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಈ ಕಪ್ಪು ಕಲ್ಲಿನ ಪಟ್ಟಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ನೀರಿನಡಿಯಲ್ಲಿ ಜ್ವಾಲಾಮುಖಿ ಉಕ್ಕಿದಾಗ, ಬಿಸಿ ಲಾವಾ ತಣ್ಣೀರಿಗೆ ತಾಗಿ ದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅದಕ್ಕೆ ದಿಂಬು ಲಾವಾ ಎಂದೇ ಹೆಸರು. ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿ ಅಂಥ ಕಲ್ಲುಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿ.ಎಸ್.ಐ., ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನಮ್ಮ ಅಜ್ಜಂದಿರು, ಮುತ್ತಜ್ಜಂದಿರು ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದದ್ದು ಆ ಹಳೆಯ ಕಡಲ ತಳದ ಕಲ್ಲಿನ ಬಿರುಕುಗಳಲ್ಲಿ ಕೂತಿದ್ದ ಬಿಳಿಗಲ್ಲಿನಿಂದ.

ಇನ್ನೊಂದು ಉದಾಹರಣೆ. ಸಂಡೂರು, ಕುದುರೆಮುಖದ ಕಬ್ಬಿಣದ ಅದಿರನ್ನು ನೀವು ಕೇಳಿದ್ದೀರಿ. ಪದರು ಪದರಾದ ಆ ಕಲ್ಲು ಹುಟ್ಟಿದ್ದೂ ಸಮುದ್ರದಲ್ಲಿ. ಆ ಕಾಲದ ಕಡಲಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇರುತ್ತಿತ್ತು. ಅದು ಆಕ್ಸೈಡ್ ಆಗಿ ತಳಕ್ಕೆ ಇಳಿದು ಪದರಾಗಿ ಕೂತಿತು. ಹೀಗೆ ಕರ್ನಾಟಕದ ಗಣಿಗಳ ಚರಿತ್ರೆ ಶುರುವಾಗುವುದೇ ಸಮುದ್ರದ ರಸಾಯನದಿಂದ.

ಹಳೆಯ ಮಾತು ಬಿಡಿ, ಈ ಹೊತ್ತಿನ ಮಾತಿಗೆ ಬನ್ನಿ. ಪಾಲಾರ್ ನದಿ ನಮ್ಮ ಸೀಮೆಯಲ್ಲೇ ಹುಟ್ಟಿ, ನಮ್ಮ ಗಣಿಗಳಿಗೆ ನೀರು ಕೊಟ್ಟ ಬೇತಮಂಗಲದ ಕೆರೆಯನ್ನು ಹಾದು, ಆಂಧ್ರವನ್ನು ಮುಟ್ಟಿ, ವಾಣಿಯಂಬಾಡಿ, ಆಂಬೂರು, ವೇಲೂರಿನ ಮೇಲೆ ಹೋಗಿ ಬಂಗಾಳಕೊಲ್ಲಿ ಸೇರುತ್ತದೆ. ಅದರ ದಂಡೆಯ ಊರುಗಳಲ್ಲಿ ನಮ್ಮಲ್ಲಿ ಅನೇಕರಿಗೆ ನೆಂಟಸ್ತಿಕೆ ಇದೆ. ಅಲ್ಲಿನ ಚರ್ಮ ಹದ ಮಾಡುವ ಕಾರ್ಖಾನೆಗಳ ನೀರಿನ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಪು ಬಂದದ್ದೂ ಗೊತ್ತಿದೆ. ಆ ನೀರಿನಲ್ಲಿದ್ದ ಕ್ರೋಮಿಯಂ ಏನಾಯಿತು? ಅದರ ಒಂದು ರೂಪ ಜೇಡಿಮಣ್ಣಿನ ಕಣಕ್ಕೆ ಅಂಟಿಕೊಂಡು ಹೂಳಿನಲ್ಲೇ ಕೂರುತ್ತದೆ. ಹೆಚ್ಚು ವಿಷವಾದ ಇನ್ನೊಂದು ರೂಪ ನೀರಿನಲ್ಲಿ ಕರಗಿ ಮುಂದೆ ಹರಿಯುತ್ತದೆ. ಲೋಹ ಒಂದೇ, ರೂಪ ಎರಡು. ಬಾವಿಯ ನೀರು ಕುಡಿಯುವವನಿಗೆ ಈ ವ್ಯತ್ಯಾಸವೇ ಮುಖ್ಯ. ಅದನ್ನು ಅಳೆದು ಹೇಳುವುದೇ ನಾವು ಈಗ ಮಾತನಾಡುತ್ತಿರುವ ವಿದ್ಯೆ.

ಈ ಓದಿನಲ್ಲಿ ಏನಿರುತ್ತದೆ

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪಿನಂಶ ಕರಗಿರುತ್ತದೆ. ಬಂಗಾಳಕೊಲ್ಲಿಗೆ ದೊಡ್ಡ ನದಿಗಳು ಬಂದು ಬೀಳುವುದರಿಂದ ಅದರ ಮೇಲಿನ ನೀರು ಅರಬ್ಬೀ ಸಮುದ್ರಕ್ಕಿಂತ ಕಡಿಮೆ ಉಪ್ಪು. ಆದರೆ ಆಶ್ಚರ್ಯ ನೋಡಿ, ತೆರೆದ ಸಮುದ್ರದಲ್ಲಿ ಒಟ್ಟು ಉಪ್ಪು ಹೆಚ್ಚಿರಲಿ ಕಡಿಮೆಯಿರಲಿ, ಸೋಡಿಯಂ, ಕ್ಲೋರೈಡ್, ಮೆಗ್ನೀಸಿಯಂ ಮೊದಲಾದವುಗಳ ಪರಸ್ಪರ ಪ್ರಮಾಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನು ಸುತ್ತಿದ ಚಾಲೆಂಜರ್ ಎಂಬ ಹಡಗು ತಂದ 77 ನೀರಿನ ಮಾದರಿಗಳನ್ನು ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ ಇದನ್ನು ಗಟ್ಟಿಪಡಿಸಿದರು. ಈ ವಿದ್ಯೆಯ ಅಡಿಪಾಯದ ಕಲ್ಲುಗಳಲ್ಲಿ ಅದೂ ಒಂದು.

ಚಿನ್ನದ ಊರಿನವರಾದ ನಮಗೆ ರುಚಿಸುವ ಕಥೆಯೊಂದಿದೆ. ಸಮುದ್ರದ ನೀರಿನಲ್ಲಿ ಚಿನ್ನವೂ ಕರಗಿದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಮೇಲೆ ಬಿದ್ದ ಸಾಲವನ್ನು ಆ ಚಿನ್ನದಿಂದ ತೀರಿಸಬಹುದೇ ಎಂದು ನೊಬೆಲ್ ಪ್ರಶಸ್ತಿ ಪಡೆದ ಫ್ರಿಟ್ಸ್ ಹೇಬರ್ 1920ರ ದಶಕದಲ್ಲಿ ವರ್ಷಗಟ್ಟಲೆ ಪ್ರಯತ್ನಿಸಿದರು. ಹಳೆಯ ಪುಸ್ತಕಗಳ ಅಂಕಿ ನೋಡಿ ಲೆಕ್ಕ ಹಾಕಿದ್ದರು. ಹೊಸದಾಗಿ ಎಚ್ಚರದಿಂದ ಅಳೆದಾಗ ಚಿನ್ನ ಆ ಅಂಕಿಗಿಂತ ಎಷ್ಟೋ ಪಾಲು ಕಡಿಮೆ ಇತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರುತ್ತಿತ್ತು. ಅವರು ಕೆಲಸ ಕೈಬಿಟ್ಟರು. ತೀರ ಸಣ್ಣ ಪ್ರಮಾಣವನ್ನು ಅಳೆಯುವಾಗ ಸೀಸೆಯ ಕೊಳೆ, ಕೈಯ ಬೆವರು, ಗಾಳಿಯ ಧೂಳು ಕೂಡ ಲೆಕ್ಕ ಕೆಡಿಸುತ್ತವೆ. ಆದ್ದರಿಂದ ಈ ಓದಿನಲ್ಲಿ ಮೊದಲು ಕಲಿಸುವುದೇ ಶುದ್ಧ ಕೈ, ಶುದ್ಧ ಸೀಸೆ, ಒಂದು ಮಾದರಿಯನ್ನು ಮತ್ತೆ ಮತ್ತೆ ಅಳೆಯುವ ತಾಳ್ಮೆ.

ಇಲ್ಲಿ ಕೂತಿರುವ ಬಿ.ಎಸ್ಸಿ. ಮಕ್ಕಳು ಅಂಜಬೇಕಾಗಿಲ್ಲ. ನಿಮ್ಮ ಲ್ಯಾಬಿನಲ್ಲಿ ಬ್ಯುರೆಟ್ ಹಿಡಿದು ಥಯೊಸಲ್ಫೇಟ್ ಬಿಟ್ಟು, ಪಿಷ್ಟದ ನೀಲಿ ಬಣ್ಣ ಮಾಯವಾಗುವುದನ್ನು ನೋಡಿದ್ದೀರಲ್ಲ? ಸಮುದ್ರದ ನೀರಿನಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಅಳೆಯುವ ವಿಂಕ್ಲರ್ ವಿಧಾನ ಅದೇ ಟೈಟ್ರೇಷನ್. ಗಾಳಿಗುಳ್ಳೆ ಒಳಗೆ ಬಾರದಂತೆ ಸೀಸೆ ತುಂಬಿ, ಮ್ಯಾಂಗನೀಸ್ ಲವಣವನ್ನೂ ಕ್ಷಾರೀಯ ಅಯೊಡೈಡನ್ನೂ ಹಾಕಿದರೆ ಕಂದು ಬಣ್ಣದ ಗಸಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಆಮ್ಲ ಹಾಕಿದಾಗ ಅಷ್ಟೇ ಪ್ರಮಾಣದ ಅಯೊಡಿನ್ ಹೊರಬರುತ್ತದೆ. 1888ರಲ್ಲಿ ಹುಟ್ಟಿದ ಈ ವಿಧಾನವನ್ನು ಈಗಲೂ ಹಡಗಿನ ಮೇಲೆ ಮಾಡುತ್ತಾರೆ. ಹೊಸ ಸೆನ್ಸರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡುವುದೂ ಇದರಿಂದಲೇ.

ಇನ್ನು ಹೂಳು, ಅಂದರೆ ಸೆಡಿಮೆಂಟ್. ಬೋರ್‌ವೆಲ್ ಕೊರೆಯುವಾಗ ಎಷ್ಟು ಅಡಿಗೆ ಯಾವ ಮಣ್ಣು ಬಂತು ಎಂದು ನಮ್ಮ ಜಿಲ್ಲೆಯ ರೈತರಿಗೆ ಬಾಯಿಪಾಠ. ಸಮುದ್ರದಲ್ಲಿಯೂ ಹಾಗೆಯೇ. ಭಾರ ಕಟ್ಟಿದ ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ ಹೂಳಿನ ಕಂಬವನ್ನು ಮೇಲೆ ತರುತ್ತಾರೆ. ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೂರುವ ಹೂಳು ಕೆಲವೇ ಮಿಲಿಮೀಟರ್. ಹಾಗಾಗಿ ಒಂದು ಮೀಟರ್ ಕಂಬದಲ್ಲಿ ಲಕ್ಷಗಟ್ಟಲೆ ವರ್ಷಗಳ ಲೆಕ್ಕ ಇರುತ್ತದೆ. ಆ ಹೂಳಿನಲ್ಲಿ ರಾಗಿ ಕಾಳಿಗಿಂತ ಚಿಕ್ಕದಾದ ಸುಣ್ಣದ ಚಿಪ್ಪುಗಳಿವೆ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಬಿಟ್ಟುಹೋದವು. ಆ ಚಿಪ್ಪಿನಲ್ಲಿರುವ ಹಗುರ ಮತ್ತು ಭಾರದ ಆಮ್ಲಜನಕದ ಪ್ರಮಾಣ ಅಳೆದರೆ, ಅದು ಬದುಕಿದ್ದ ಕಾಲದ ನೀರು ಬೆಚ್ಚಗಿತ್ತೇ, ಉಪ್ಪು ಹೆಚ್ಚಿತ್ತೇ, ಮುಂಗಾರು ಜೋರಾಗಿತ್ತೇ ಎಂಬುದರ ಸುಳಿವು ಸಿಗುತ್ತದೆ. ಇದೇ ವಿದ್ಯೆಯನ್ನು ಕೆರೆಗೂ ಬಳಸಬಹುದು. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನ ಕಾಂತ ಗುಣವನ್ನು ಅಳೆದು ಹಿಂದಿನ ಮಳೆಗಾಲಗಳ ಏರಿಳಿತವನ್ನು ಓದಿದವರು ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗದವರು. ಕೆರೆಗಳ ಜಿಲ್ಲೆಯಾದ ಕೋಲಾರದ ಹುಡುಗ ಹುಡುಗಿಯರಿಗೆ ಇಂಥ ಕೆಲಸ ಮನೆಯ ಹಿತ್ತಲಲ್ಲೇ ಇದೆ.

ಅರಬ್ಬೀ ಸಮುದ್ರದಲ್ಲಿ ನಡೆದ ಕೆಲಸ

ಈ ವಿದ್ಯೆಯಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಅಂದರೆ ಎನ್.ಐ.ಓ., 1966ರಲ್ಲಿ ಹುಟ್ಟಿತು. ಗೋವಾದ ಡೋನಾ ಪೌಲಾದಲ್ಲಿದೆ. ಅದರ ನಿರ್ದೇಶಕರಾಗಿದ್ದವರು ಡಾ. ಸೈಯದ್ ಜಹೂರ್ ಖಾಸಿಂ. ಅಲಹಾಬಾದಿನಲ್ಲಿ ಹುಟ್ಟಿ, ಅಲಿಗಢದಲ್ಲಿ ಪ್ರಾಣಿಶಾಸ್ತ್ರ ಓದಿದವರು. ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟಾಗ 21 ಜನರ ಆ ತಂಡದ ನಾಯಕರು ಅವರೇ. ಮುಂದೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕುಲಪತಿಯೂ ಆದರು.

ಅದೇ ಸಂಸ್ಥೆಯಲ್ಲಿ ಸಮುದ್ರದ ರಸಾಯನವನ್ನೇ ಬದುಕಿನ ಕೆಲಸ ಮಾಡಿಕೊಂಡವರು ಡಾ. ಸೈಯದ್ ವಾಜಿಹ್ ಅಹ್ಮದ್ ನಖ್ವಿ. 1996ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಪಡೆದರು, ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಅವರು ಅಧ್ಯಯನ ಮಾಡಿದ್ದು ನಮ್ಮದೇ ಅರಬ್ಬೀ ಸಮುದ್ರವನ್ನು. ಅಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ಬಹಳ ಕಡಿಮೆ ಇರುವ ನೀರಿನ ದೊಡ್ಡ ಪದರವಿದೆ. ಮೇಲೆ ಸತ್ತ ಜೀವಿಗಳು ಕೆಳಗೆ ಬೀಳುತ್ತ ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಹೊಸದು ಅಷ್ಟು ಬೇಗ ಬಂದು ಸೇರುವುದಿಲ್ಲ. ಆಮ್ಲಜನಕ ಮುಗಿದ ಕಡೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಉಸಿರಾಟಕ್ಕೆ ಬಳಸುತ್ತವೆ. ಆಗ ನೈಟ್ರಸ್ ಆಕ್ಸೈಡ್ ಎಂಬ ಅನಿಲವೂ ಹುಟ್ಟುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಇನ್ನೂರೈವತ್ತಕ್ಕೂ ಹೆಚ್ಚು ಪಟ್ಟು ಬಲಶಾಲಿ.

ಮಳೆಗಾಲದ ಗಾಳಿಯಿಂದ ಈ ಕಡಿಮೆ ಆಮ್ಲಜನಕದ ನೀರು ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಿಗೂ ಏರಿ ಬರುತ್ತದೆ. ಅಲ್ಲಿ ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಬತ್ತುವುದನ್ನೂ, ನೈಟ್ರಸ್ ಆಕ್ಸೈಡ್ ಬಹಳವಾಗಿ ಹುಟ್ಟುವುದನ್ನೂ ನಖ್ವಿ ಮತ್ತು ಅವರ ಜೊತೆಗಾರರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಲಗಳಿಂದ ಹರಿದುಬರುವ ಗೊಬ್ಬರದ ಅಂಶಕ್ಕೂ ಇದಕ್ಕೂ ಇರುವ ಸಂಬಂಧವನ್ನೂ ಅವರು ಎತ್ತಿ ತೋರಿಸಿದರು. ಕಾರವಾರ, ಮಲ್ಪೆ, ಮಂಗಳೂರಿನ ಮೀನುಗಾರರ ಬಲೆಗೂ ಈ ರಸಾಯನಕ್ಕೂ ನೇರ ನಂಟಿದೆ. ಉಸಿರಾಡಲು ಆಗದ ನೀರಿನಲ್ಲಿ ಮೀನು ನಿಲ್ಲುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬದಲಾವಣೆ ನಡೆಯುತ್ತಿದೆ. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತಿದೆ. ಇದರಿಂದ ಮೇಲ್ಮೈ ನೀರಿನ ಪಿ.ಎಚ್. ಕೈಗಾರಿಕಾ ಕಾಲಕ್ಕೆ ಮುಂಚಿನ 8.2ರ ಆಸುಪಾಸಿನಿಂದ 8.1ರ ಆಸುಪಾಸಿಗೆ ಇಳಿದಿದೆ. ಇಳಿತ ಸಣ್ಣದೆಂದು ಕಾಣಬಹುದು. ಪಿ.ಎಚ್. ಲೆಕ್ಕ ಲಾಗರಿದಮ್ ಆದ್ದರಿಂದ ಆಮ್ಲೀಯತೆ ಶೇ. 25ಕ್ಕಿಂತ ಹೆಚ್ಚಾಗಿದೆ ಎಂದು ನಮ್ಮ ಕೆಮಿಸ್ಟ್ರಿ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಣ್ಣದ ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಇದು ಕಷ್ಟದ ದಿನ.

ಅಗೆಯುವ ಮೊದಲು ಅಳೆಯುವವರು ಬೇಕು

ಈಗ ನಮ್ಮ ಊರಿಗೆ ಬರೋಣ. 120 ವರ್ಷಗಳಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. 3 ಕೋಟಿ ಟನ್‌ಗೂ ಹೆಚ್ಚು. ಬೇಸಿಗೆಯ ಗಾಳಿಗೆ ಅದರ ಧೂಳು ಯಾರ ಮನೆಗೆ ಬರುತ್ತದೆ, ಮಳೆಗೆ ಅದರ ನೀರು ಯಾವ ಹಳ್ಳಕ್ಕೆ ಹರಿಯುತ್ತದೆ ಎಂದು ಇಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದಿಬ್ಬವೂ ಒಂದು ಬಗೆಯ ಹೂಳು. ಕಣದ ಗಾತ್ರ ಎಷ್ಟು, ಯಾವ ಲೋಹ ಯಾವ ರೂಪದಲ್ಲಿದೆ, ಕಣಗಳ ನಡುವಿನ ನೀರಿನಲ್ಲಿ ಏನು ಕರಗಿದೆ ಎಂದು ನೋಡುವ ವಿಧಾನ ಸಮುದ್ರದ ಹೂಳಿಗೂ ಇದಕ್ಕೂ ಒಂದೇ.

ಇನ್ನು ಮುಂದಿನ ಗಣಿ ಎಲ್ಲಿ? ಸಮುದ್ರದ ತಳದಲ್ಲಿ. ಹಿಂದೂ ಮಹಾಸಾಗರದ ನಡುವೆ, 5 ಕಿಲೋಮೀಟರಿನಷ್ಟು ಆಳದಲ್ಲಿ, ಹೂಳಿನ ಮೇಲೆ ಆಲೂಗಡ್ಡೆಯಂಥ ಕಪ್ಪು ಉಂಡೆಗಳು ಹರಡಿ ಬಿದ್ದಿವೆ. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಅವುಗಳಲ್ಲಿದೆ. ಅಂಥ ಒಂದು ಉಂಡೆ ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. 1981ರ ಜನವರಿ 26ರಂದು ಗವೇಷಣಿ ಎಂಬ ನಮ್ಮ ಸಂಶೋಧನಾ ಹಡಗು ಇವನ್ನು ಮೊದಲ ಬಾರಿಗೆ ಮೇಲೆ ತಂದಿತು. 1987ರಲ್ಲಿ ಇವುಗಳ ಅನ್ವೇಷಣೆಗೆ ಅಂತರರಾಷ್ಟ್ರೀಯ ನೋಂದಣಿ ಪಡೆದ ಮೊದಲ ದೇಶ ಭಾರತ. ಈಗ 75,000 ಚದರ ಕಿಲೋಮೀಟರ್ ಪ್ರದೇಶ ನಮ್ಮ ಅನ್ವೇಷಣೆಗೆ ಮೀಸಲಿದೆ. 2021ರಲ್ಲಿ ಕೇಂದ್ರ ಸರ್ಕಾರ 4,077 ಕೋಟಿ ರೂಪಾಯಿಯ ಡೀಪ್ ಓಷನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು 6000 ಮೀಟರ್ ಆಳಕ್ಕೆ ಕರೆದೊಯ್ಯಬೇಕಾದ ಮತ್ಸ್ಯ 6000 ಎಂಬ ವಾಹನದ ಕೆಲಸ ಈ ಯೋಜನೆಯಡಿಯಲ್ಲಿದೆ.

ಉಂಡೆ ತೆಗೆಯುವ ಯಂತ್ರ ಹೂಳನ್ನು ಕೆದಕುತ್ತದೆ. ಕೆದಕಿದ ಹೂಳು ನೀರಿನಲ್ಲಿ ತೇಲಿ ಎಷ್ಟು ದೂರ ಹೋಗುತ್ತದೆ, ಅದರಿಂದ ಯಾವ ಲೋಹ ಬಿಡುಗಡೆಯಾಗುತ್ತದೆ, ತಳದ ಜೀವಿಗಳು ಮತ್ತೆ ಬರಲು ಎಷ್ಟು ಕಾಲ ಬೇಕು? ಪೆರು ದೇಶದ ಮುಂದಿನ ಕಡಲಲ್ಲಿ 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಯೋಗಕ್ಕೆಂದು ಎಳೆದ ಗೆರೆಗಳು 26 ವರ್ಷಗಳ ನಂತರ ಹೋಗಿ ನೋಡಿದಾಗಲೂ ಹಾಗೆಯೇ ಇದ್ದವು. ನಮ್ಮ ಎನ್.ಐ.ಓ. ಕೂಡ 1997ರಲ್ಲಿ ಹಿಂದೂ ಮಹಾಸಾಗರದ ತಳದಲ್ಲಿ ಹೂಳನ್ನು ಬೇಕೆಂದೇ ಕದಡಿ ಪರಿಣಾಮವನ್ನು ಅಧ್ಯಯನ ಮಾಡಿತು.

ಬಂಧುಗಳೇ, ಗಣಿಗಾರಿಕೆಗೆ ನಾವು ವಿರೋಧವಾಗಿ ಮಾತನಾಡುತ್ತಿಲ್ಲ. ಗಣಿಯ ಅನ್ನ ತಿಂದು ಬೆಳೆದ ಊರು ನಮ್ಮದು. ಆದರೆ ಇಲ್ಲಿ ಅಗೆಯುವವರು ಮೊದಲು ಬಂದರು, ಉಳಿದದ್ದನ್ನು ಅಳೆಯುವವರು ಬಹಳ ತಡವಾಗಿ ಬಂದರು. ಅದರ ಬೆಲೆಯನ್ನು ದಿಬ್ಬದ ಪಕ್ಕದ ಮನೆಗಳು ಈಗಲೂ ಕೊಡುತ್ತಿವೆ. ಸಮುದ್ರದಲ್ಲಿ ಇನ್ನೂ ಗಣಿ ಶುರುವಾಗಿಲ್ಲ. ಮೊದಲೇ ಅಳೆಯುವ ಅವಕಾಶ ಇನ್ನೂ ಇದೆ. ಆ ಅಳತೆ ಮಾಡುವವರಲ್ಲಿ, ದಿಬ್ಬದ ಧೂಳು ಏನೆಂದು ಬಲ್ಲ ನಮ್ಮ ಮಕ್ಕಳೂ ಇರಬೇಕು ಎಂಬುದೇ ಈ ಭಾಷಣದ ಒಟ್ಟು ಸಾರ.

ಎಲ್ಲಿ, ಹೇಗೆ ಓದುವುದು

ಪಿ.ಯು.ಸಿ. ಸೈನ್ಸ್ ಮಕ್ಕಳು ಎರಡು ದಾರಿ ಹಿಡಿಯಬಹುದು. ಒಂದು, ಕೆಮಿಸ್ಟ್ರಿ ಅಥವಾ ಜಿಯಾಲಜಿ ಇರುವ ಬಿ.ಎಸ್ಸಿ. ಇನ್ನೊಂದು, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಬಿ.ಎಫ್.ಎಸ್ಸಿ. ಇದಕ್ಕೆ ಸಿ.ಇ.ಟಿ. ಮೂಲಕ ಪ್ರವೇಶ.

ಬಿ.ಎಸ್ಸಿ. ನಂತರ ನಮ್ಮ ರಾಜ್ಯದಲ್ಲಿ ಮಂಗಳಗಂಗೋತ್ರಿಯ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗ ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಹೊರಗೆ ಹೋಗುವವರಿಗೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಸಮುದ್ರದ ರಸಾಯನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಗೋವಾ ವಿಶ್ವವಿದ್ಯಾಲಯದಲ್ಲೂ ಸಾಗರ ವಿಜ್ಞಾನವಿದೆ. ಪ್ರವೇಶ ಪರೀಕ್ಷೆ, ಅರ್ಹತೆ, ಸೀಟುಗಳ ಲೆಕ್ಕ ಬದಲಾಗುತ್ತಿರುತ್ತವೆ. ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು. ನೋಡಲು ತೊಂದರೆಯಾದವರು ನಮ್ಮ ಕಚೇರಿಗೆ ಬನ್ನಿ, ಒಟ್ಟಿಗೆ ಕೂತು ಓದೋಣ.

ಎಂ.ಎಸ್ಸಿ. ಕೊನೆಯ ವರ್ಷದಲ್ಲೇ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಗೆ ತಯಾರಾಗಬೇಕು. ಭೂಮಿ, ವಾತಾವರಣ, ಸಾಗರ ವಿಜ್ಞಾನಗಳಿಗೆ ಅದರಲ್ಲಿ ಪ್ರತ್ಯೇಕ ಪತ್ರಿಕೆ ಇದೆ. ರಸಾಯನಶಾಸ್ತ್ರದವರಿಗೆ ಅವರದೇ ಪತ್ರಿಕೆ. ಜೆ.ಆರ್.ಎಫ್. ಸಿಕ್ಕಿದರೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ ಫೆಲೋಶಿಪ್ ಬರುತ್ತದೆ. 2023ರ ಜನವರಿಯಿಂದ ಅದು 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅಂದರೆ ಮನೆಯವರು ಖರ್ಚು ಹೊರಬೇಕಾದದ್ದು ಮುಖ್ಯವಾಗಿ ಎಂ.ಎಸ್ಸಿ.ಯ ಎರಡು ವರ್ಷ. ಈ ಎರಡು ವರ್ಷದ ಹಳ್ಳ ದಾಟಲಾಗದೆಯೇ ನಮ್ಮ ಮಕ್ಕಳು ಈಚೆ ದಡದಲ್ಲಿ ನಿಂತುಬಿಡುತ್ತಾರೆ.

ತಂದೆ ತಾಯಿಗಳು ಕೇಳುವ ಪ್ರಶ್ನೆಗಳು

ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ? ಖಂಡಿತ ಸಿಗುತ್ತದೆ ಎಂದು ಆಣೆ ಮಾಡಿ ಹೇಳಲಾರೆವು. ಹುದ್ದೆಗಳು ಬಹಳ ಇಲ್ಲ. ಶುರುವಿನಲ್ಲಿ ಯೋಜನೆಯ ಅವಧಿಗೆ ಮಾತ್ರ ತೆಗೆದುಕೊಳ್ಳುವ ಗುತ್ತಿಗೆ ಕೆಲಸಗಳೇ ಹೆಚ್ಚು. ಆದರೆ ಬಾಗಿಲುಗಳು ಹಲವು. ಗೋವಾದ ಎನ್.ಐ.ಓ., ಅಲ್ಲಿಯೇ ಇರುವ ಧ್ರುವ ಸಂಶೋಧನಾ ಕೇಂದ್ರ, ಚೆನ್ನೈನ ಎನ್.ಐ.ಓ.ಟಿ., ಹೈದರಾಬಾದಿನ ಇನ್‌ಕಾಯ್ಸ್ ಇವೆ. ಜಿ.ಎಸ್.ಐ.ನ ಸಾಗರ ಮತ್ತು ಕರಾವಳಿ ಸರ್ವೇಕ್ಷಣಾ ವಿಭಾಗದ ಕೇಂದ್ರ ನಮ್ಮ ಮಂಗಳೂರಿನಲ್ಲೇ ಇದೆ. ಸಮುದ್ರ ರತ್ನಾಕರ ಎಂಬ ಅವರ ಹಡಗಿದೆ. ಜಿ.ಎಸ್.ಐ.ಗೆ ಭೂವಿಜ್ಞಾನಿಗಳನ್ನೂ ರಸಾಯನಶಾಸ್ತ್ರಜ್ಞರನ್ನೂ ಯು.ಪಿ.ಎಸ್.ಸಿ. ಪರೀಕ್ಷೆಯ ಮೂಲಕ ಆರಿಸುತ್ತಾರೆ. ಕಡಲು ಸಿಗದಿದ್ದರೂ ಕಲಿತ ಕೈ ವ್ಯರ್ಥವಾಗುವುದಿಲ್ಲ. ನೀರು, ಮಣ್ಣು, ಔಷಧಿ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಅವೇ ಯಂತ್ರಗಳು, ಅದೇ ಶಿಸ್ತು.

ಹೆಣ್ಣುಮಗಳನ್ನು ಹಡಗಿಗೆ ಕಳಿಸುವುದು ಹೇಗೆ? 1983ರಲ್ಲಿ ಹೊರಟ ಮೂರನೆಯ ಅಂಟಾರ್ಕ್ಟಿಕಾ ಯಾತ್ರೆಯಲ್ಲೇ ಸಾಗರ ವಿಜ್ಞಾನಿ ಡಾ. ಅದಿತಿ ಪಂತ್ ಮತ್ತು ಭೂವಿಜ್ಞಾನಿ ಡಾ. ಸುದೀಪ್ತಾ ಸೇನ್‌ಗುಪ್ತಾ ಹೋಗಿ ಬಂದರು. ಈ ಓದಿನ ಬಹುಪಾಲು ಪ್ರಯೋಗಾಲಯದ ಕೆಲಸ, ಹಡಗಿನ ಪ್ರಯಾಣ ಕೆಲವು ವಾರಗಳದ್ದು. ಬೆಂಗಳೂರಿಗೆ ದಿನವೂ ಕತ್ತಲಲ್ಲಿ ರೈಲು ಹತ್ತಿ ಕತ್ತಲಲ್ಲಿ ಇಳಿಯುವ ಮಗಳ ಮೇಲೆ ನಂಬಿಕೆ ಇಟ್ಟ ಮನೆಗಳು ಹಾಸ್ಟೆಲಿನಲ್ಲಿದ್ದು ಓದುವ ಮಗಳ ಮೇಲೂ ನಂಬಿಕೆ ಇಡಬಹುದು.

ಉರ್ದು ಅಥವಾ ಕನ್ನಡ ಮಾಧ್ಯಮದಿಂದ ಬಂದವರಿಗೆ ಆಗುತ್ತದೆಯೇ? ಎಂ.ಎಸ್ಸಿ. ಇಂಗ್ಲಿಷಿನಲ್ಲಿದೆ, ಮೊದಲ ಸೆಮಿಸ್ಟರ್ ಕಷ್ಟವೇ. ಆದರೆ ಸೂತ್ರ, ಸಮೀಕರಣ, ಗ್ರಾಫಿಗೆ ಮಾಧ್ಯಮವಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಕೆ.ಜಿ.ಎಫ್. ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗುವುದಿಲ್ಲ.

ವಿದ್ಯಾರ್ಥಿವೇತನದ ಬಗ್ಗೆ

ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್‌ಗೆ 2022-23ರಿಂದ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ. ಶಿಕ್ಷಣ ಸಾಲ ಕೊಡುವವರ ಕಣ್ಣು ಹೆಚ್ಚಾಗಿ ಇಂಜಿನಿಯರಿಂಗ್, ಮೆಡಿಕಲ್ ಸೀಟಿನ ಮೇಲೆ. ಹೀಗಾಗಿ ಮೂಲ ವಿಜ್ಞಾನ ಓದುವ ಬಡ ಮಕ್ಕಳ ಕೈ ಹಿಡಿಯುವ ಹೊಣೆ ನಮ್ಮಂಥ ಸಣ್ಣ ಟ್ರಸ್ಟುಗಳ ಮೇಲೆ ಹೆಚ್ಚು ಬಿದ್ದಿದೆ.

ಆದ್ದರಿಂದ ಆಡಳಿತ ಸಮಿತಿ ತೀರ್ಮಾನಿಸಿರುವುದು ಇಷ್ಟು. ಈ ವರ್ಷದಿಂದ ಎಂ.ಎಸ್ಸಿ. ಮೂಲ ವಿಜ್ಞಾನಗಳಿಗೂ ವಿದ್ಯಾರ್ಥಿವೇತನ ಉಂಟು. ಸಾಗರ ವಿಜ್ಞಾನ, ಭೂವಿಜ್ಞಾನ, ಪರಿಸರ ರಸಾಯನ ಆರಿಸಿಕೊಂಡವರಿಗೆ ಆದ್ಯತೆ. ಕಾಲೇಜು ಶುಲ್ಕದ ಜೊತೆಗೆ ಪ್ರವೇಶ ಪರೀಕ್ಷೆಯ ಶುಲ್ಕ, ಪರೀಕ್ಷೆಗೆ ಹೋಗಿಬರುವ ರೈಲು ಖರ್ಚು, ಹಾಸ್ಟೆಲ್ ಠೇವಣಿ, ಕ್ಷೇತ್ರ ಪ್ರವಾಸದ ವೆಚ್ಚವನ್ನೂ ಪರಿಗಣಿಸುತ್ತೇವೆ. ಮಕ್ಕಳು ಹಿಂದೆ ಸರಿಯುವುದು ಹಲವು ಸಲ ಈ ಸಣ್ಣ ಖರ್ಚುಗಳಿಗೇ. ಜಕಾತ್ ನಿಧಿ ಶರೀಅತ್ ಪ್ರಕಾರ ಅದಕ್ಕೆ ಅರ್ಹರಾದವರಿಗೆ ಮಾತ್ರ. ಸದಕಾ ಮತ್ತು ಸಾಮಾನ್ಯ ದೇಣಿಗೆಯ ನಿಧಿಯಿಂದ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಯಾವುದೇ ಜಾತಿ, ಧರ್ಮದ ಬಡ ವಿದ್ಯಾರ್ಥಿಗೆ ಸಹಾಯ ಉಂಟು. ಎರಡರ ಲೆಕ್ಕವನ್ನೂ ಬೇರೆ ಬೇರೆ ಇಟ್ಟಿದ್ದೇವೆ.

ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶ ಪತ್ರ ಅಥವಾ ಪರೀಕ್ಷೆಗೆ ನೋಂದಾಯಿಸಿದ ರಸೀದಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಇರಲಿ. ಅರ್ಜಿಯ ನಮೂನೆ ಮತ್ತು ಕೊನೆಯ ದಿನಾಂಕ ವರದಿಯ ಹಿಂಬದಿಯ ಪುಟದಲ್ಲಿವೆ. ಶಿಫಾರಸು ತರಬೇಡಿ, ಅದಕ್ಕೆ ಅಂಕವಿಲ್ಲ. ಬದಲಿಗೆ ಈ ವಿಷಯವನ್ನು ಯಾಕೆ ಓದಬೇಕೆಂದಿದ್ದೀರಿ ಎಂದು ಕನ್ನಡ, ಉರ್ದು, ತಮಿಳು, ಇಂಗ್ಲಿಷ್, ಯಾವ ಭಾಷೆಯಲ್ಲಾದರೂ ಒಂದು ಪುಟ ಸ್ವಂತವಾಗಿ ಬರೆಯಿರಿ. ಸಹಾಯ ಪಡೆದವರಿಂದ ನಾವು ಕೇಳುವುದು ಒಂದೇ. ರಜೆಗೆ ಊರಿಗೆ ಬಂದಾಗ ಇಲ್ಲಿನ ಒಂದು ಹೈಸ್ಕೂಲಿಗೆ ಹೋಗಿ ಕಲಿತದ್ದನ್ನು ಒಂದು ಗಂಟೆ ಹೇಳಿ.

ದಾನಿಗಳಲ್ಲಿ ಒಂದು ವಿನಂತಿ. ನಿಮ್ಮ ಹಣದಿಂದ ಓದಿದ ಮಗು ಎರಡೇ ವರ್ಷಕ್ಕೆ ಸಂಬಳ ತರದಿರಬಹುದು. ಈ ಓದು ನಿಧಾನದ್ದು, ಐದಾರು ವರ್ಷ ಬೇಕು. ದಯವಿಟ್ಟು ಕಾಯುವ ಮನಸ್ಸು ಮಾಡಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಬರುವ ವಾರದಿಂದಲೇ ಅಸರ್ ನಮಾಜಿನ ನಂತರ ಕಚೇರಿ ತೆರೆದಿರುತ್ತದೆ. ಬಿ.ಎಸ್ಸಿ. ಕೊನೆಯ ವರ್ಷದವರು ತಂದೆ ತಾಯಿಯರನ್ನೂ ಜೊತೆಗೆ ಕರೆತನ್ನಿ, ಮಾತನಾಡೋಣ.

ಈ ಕೆಲಸಕ್ಕೆ ಕೈ ಜೋಡಿಸಿದ ಎಲ್ಲರಿಗೂ ಅಲ್ಲಾಹನು ಒಳ್ಳೆಯ ಪ್ರತಿಫಲ ಕೊಡಲಿ. ನಮ್ಮ ಮಕ್ಕಳಿಗೆ ಉಪಕಾರಕ್ಕೆ ಬರುವ ವಿದ್ಯೆಯನ್ನು ದಯಪಾಲಿಸಲಿ. ಆಮೀನ್.